ತಿರುವಿನ ಗೋಡೆ

“ತಲೆ ಕಡೆ ಎತ್ತು. ಇನ್ನೂ ಎತ್ತು. ಕಾಲು ಕಡೆಯವರು ಗೋಡೆಗೆ ಅಂಟ್ಕೊಳ್ಳಿ.”

ಹಲಗೆ ತಿರುಗಲಿಲ್ಲ. ಮೂರನೆಯ ಮಹಡಿಯಿಂದ ಹನ್ನೊಂದು ಮೆಟ್ಟಿಲು ಸಲೀಸಾಗಿ ಇಳಿದ ಹೆಣ ಮೆಟ್ಟಿಲಿನ ತಿರುವಿಗೆ ಬಂದು ಕಚ್ಚಿಕೊಂಡಿತು. ಇಬ್ಬರು ಕೆಳಗೆ, ಇಬ್ಬರು ಮೇಲೆ, ನಡುವೆ ಸಾರುವೆಯ ಹಲಗೆಗೆ ಹಗ್ಗದಲ್ಲಿ ಬಿಗಿಸಿಕೊಂಡ ಗಾರೆ ಮೇಸ್ತ್ರಿ. ನಲವತ್ತು ವರ್ಷ ಇಂಥದೇ ಹಲಗೆಯ ಮೇಲೆ ನಿಂತು ಗೋಡೆ ಕಟ್ಟಿದವನು.

“ಹೀಗೆ ಆಗಲ್ಲ. ಕುರ್ಚಿ ತನ್ನಿ,” ಅಂದ ಮೇಸ್ತ್ರಿಯ ತಮ್ಮ, ಹಣೆಯ ಬೆವರು ಭುಜಕ್ಕೆ ಒರೆಸಿಕೊಳ್ಳುತ್ತಾ. “ಕೂರಿಸಿ ಕಟ್ಟಿದ್ರೆ ಇಬ್ಬರೇ ಸಾಕು. ಹೋದ ವರ್ಷ ಮೇಲಿನ ಮಹಡಿ ಅಜ್ಜೀನ ಹಾಗೇ ತಾನೆ ಇಳಿಸಿದ್ದು?”

“ಅಜ್ಜಿ ಹಿಡಿಯಷ್ಟಿದ್ಲಪ್ಪ,” ಅಂದ ಕಂಬಿ ಕಟ್ಟುವವನು, ಮೇಸ್ತ್ರಿಯ ಹಳೆಯ ಜೊತೆಗಾರ. “ಇವನು ಸತ್ತ ಮೇಲೂ ಹಟ ಬಿಡಲ್ಲ ನೋಡು.”

“ಕೂರಿಸೋದು ಬೇಡ.”

ಎಲ್ಲರೂ ತಲೆ ಎತ್ತಿದರು. ಮೇಸ್ತ್ರಿಯ ಹೆಂಡತಿ ಮೇಲಿನ ಮೆಟ್ಟಿಲಲ್ಲಿ ನಿಂತಿದ್ದಳು.

“ಅತ್ತಿಗೆ, ಹತ್ತು ನಿಮಿಷದ ಮಾತು. ಕೆಳಗೆ ಹೋದ್ಮೇಲೆ ಮತ್ತೆ ಮಲಗಿಸ್ತೀವಿ.”

“ಕೂತು ಕೂತೇ ಸವೆದ ಮನುಷ್ಯ. ಅದು ನಿಂಗೆ ಗೊತ್ತಿಲ್ವಾ? ಇವತ್ತೊಂದು ದಿನ ಮಲಗಿಕೊಂಡು ಹೋಗಲಿ.”

ಮೈದುನ ಕಣ್ಣು ತಪ್ಪಿಸಿದ.

•

ಅವನಿಗೆ ಗೊತ್ತಿತ್ತು. ಊರು ಬಿಟ್ಟು ಬಂದ ಮೊದಲ ಎರಡು ವರ್ಷ ಅವನು ಮಲಗಿದ್ದು ಅಣ್ಣನ ಜಾಗದಲ್ಲೇ.

ಆಗ ಗಂಡ ಹೆಂಡತಿಗೆ ಇದ್ದದ್ದು ಒಂದೇ ಕೋಣೆ. ಮೊದಲು ಬಂದದ್ದು ಮೈದುನ, ಆಮೇಲೆ ಅವನ ಭಾವಮೈದ, ಆಮೇಲೆ ಊರಿನಲ್ಲಿ ಮುಖ ಕಂಡದ್ದೇ ನೆಂಟಸ್ತಿಕೆ ಎನ್ನುವವರೆಲ್ಲ. ಪಟ್ಟಣಕ್ಕೆ ಹೊರಟವನಿಗೆ ಮೇಸ್ತ್ರಿಯ ಬಾಗಿಲೇ ಬಸ್ಸಿನ ಕೊನೆಯ ನಿಲ್ದಾಣ. ಒಂಬತ್ತು ಜನ ಚಿಪ್ಪಿನ ಬಾಳೆಹಣ್ಣಿನ ಹಾಗೆ ಒಂದೇ ಮಗ್ಗುಲಿಗೆ ಮಲಗುತ್ತಿದ್ದರು; ಒಬ್ಬ ಹೊರಳಿದರೆ ಎಲ್ಲರೂ ಹೊರಳಬೇಕು. ಹತ್ತನೆಯವನು ಮೇಸ್ತ್ರಿ. ಬಾಗಿಲಿಗೆ ಬೆನ್ನು ಕೊಟ್ಟು, ಮೊಣಕಾಲು ಎದೆಗೆ ಎಳೆದುಕೊಂಡು ಕೂತೇ ನಿದ್ದೆ.

“ಅವರು ನಾಳೆ ಕೆಲಸ ಹುಡುಕ್ಬೇಕು ಕಣೇ. ನಂಗೆ ಇದೆಯಲ್ಲ,” ಅನ್ನುತ್ತಿದ್ದ.

ಹೋದವರ ಹಾಸಿಗೆ ಆರುವ ಮೊದಲೇ ಮತ್ತೊಬ್ಬರು ಬರುತ್ತಿದ್ದರು. ಕೊನೆಗೆ ಈ ಕಟ್ಟಡದ ಕೋಣೆಗೆ ಬಂದು ಗಂಡ ಹೆಂಡತಿ ಇಬ್ಬರೇ ಉಳಿದಾಗ ಅವನಿಗೆ ಮಲಗುವುದೇ ಮರೆತುಹೋಗಿತ್ತು. ಮಲಗಿದರೆ ಸಿಮೆಂಟಿನ ಕೆಮ್ಮು ಎದೆಗೇರುತ್ತಿತ್ತು. ನಿನ್ನೆ ಮಧ್ಯಾಹ್ನ ಉಸಿರು ನಿಂತಾಗಲೂ ಗೋಡೆಗೆ ಒರಗಿಯೇ ಇದ್ದ. ಮಡಚಿದ ಕಾಲುಗಳನ್ನು ಬಿಡಿಸಿ ನೆಟ್ಟಗೆ ಮಾಡಿದ್ದು ಅವಳೇ. ಎಷ್ಟು ಉದ್ದದ ಮನುಷ್ಯ ಎಂದು ಆಗಲೇ ಅವಳಿಗೆ ಸರಿಯಾಗಿ ಕಂಡದ್ದು.

•

ಅವಳು ಹಲಗೆಯ ಪಕ್ಕದಲ್ಲಿ ನುಸುಳಿ ಇಳಿದು, ತಿರುವಿನ ಗೋಡೆಗೆ ಅಂಗೈ ಇಟ್ಟಳು. ಆಚೆ ಮಗುವೊಂದು ಅಳುತ್ತಿತ್ತು.

“ಇದನ್ನ ಒಡೀರಿ.”

ಕೆಳಗಿನಿಂದ ಮನೆ ಮಾಲೀಕನ ದನಿ ಬಂತು. “ತಲೆ ಕೆಟ್ಟಿದೆಯೇನಮ್ಮ? ಇಡೀ ಕಟ್ಟಡ ಕುಸಿದು ಬೀಳುತ್ತೆ.”

“ಇದರ ಮೇಲೆ ನಿಂತಿರೋದು ಏನು ಸ್ವಾಮಿ, ಆ ಕಡೆ ಒಂದು ಕ್ಯಾಲೆಂಡರು ಬಿಟ್ಟು? ಅಡ್ಡ ನಿಲ್ಲಿಸಿದ ಇಟ್ಟಿಗೆ. ಎಂಟು ಮರಳಿಗೆ ಒಂದು ಸಿಮೆಂಟು. ಹಾಗೇ ಕಲೆಸು ಅಂದೋರು ನೀವು, ಕಲೆಸಿದೋಳು ನಾನು.”

ಮೆಟ್ಟಿಲ ಮೇಲೆ ಯಾರೋ ನಗು ನುಂಗಿದರು. ಮಾಲೀಕನ ದನಿ ಮತ್ತೆ ಏರಲಿಲ್ಲ.

•

ಮೊದಲು ಇಲ್ಲಿ ಗೋಡೆ ಇರಲಿಲ್ಲ. ತಿರುವಿನಲ್ಲಿ ನಾಲ್ಕು ಜನ ನಿಂತು ಮಾತಾಡುವಷ್ಟು ಅಗಲದ ಮೊಗಸಾಲೆ ಇತ್ತು. ಇನ್ನೊಂದು ಕೋಣೆ ಹುಟ್ಟಿಸಿಕೊಡು ಎಂದು ಮಾಲೀಕ ಕೇಳಿದ. ಎಲ್ಲಿಂದಾದರೂ ಒಂದಂಗುಲ ಕೀಳಬಲ್ಲ ಎಂದೇ ಮೇಸ್ತ್ರಿಗೆ ಅಂಗುಲ ಮೇಸ್ತ್ರಿ ಎಂಬ ಹೆಸರು. ಅವನು ಮೊಗಸಾಲೆಯನ್ನೂ ನುಂಗಿದ, ಮೆಟ್ಟಿಲಿನ ಅರ್ಧವನ್ನೂ ನುಂಗಿದ.

ಗಾರೆಯ ಬಾಂಡಲಿ ಇಳಿಸುತ್ತಾ ಅವಳು ಕೇಳಿದ್ದಳು: “ಹೀಗೆ ಕಟ್ಟಿದ್ರೆ ನಾಳೆ ಬೀರು, ಮಂಚ ಹೇಗೆ ಇಳಿಸ್ತಾರೆ?”

“ಇಲ್ಲಿರೋರ ಹತ್ರ ಬೀರು ಎಲ್ಲಿದೆ? ಬಟ್ಟೆ ಗಂಟು ಬಗಲಲ್ಲಿ ಹಿಡ್ಕೊಂಡು ಇಳೀತಾರೆ.”

“ಯಾರಾದ್ರೂ ಸತ್ತರೆ?”

ಅವನು ಗೋಡೆಯ ನೇರ ನೋಡುವ ತೂಕದ ಗುಂಡಿನಿಂದ ಕಣ್ಣು ಕೀಳದೆ ನಕ್ಕಿದ್ದ. “ಇಲ್ಲಿಗೆ ಬರೋರು ಬದುಕೋಕೆ ಬರ್ತಾರೆ ಕಣೇ. ಒಂದು ಸಂಸಾರಕ್ಕೆ ನೆರಳಾಗುತ್ತೆ, ಇಟ್ಟಿಗೆ ಕೊಡು.”

ಅವಳು ಕೊಟ್ಟಿದ್ದಳು.

•

ಆ ಸಂಸಾರದ ಬಾಗಿಲು ಈಗ ತೆರೆಯಿತು. ಎರಡು ತಿಂಗಳ ಬಾಣಂತಿ, ಕೂಸು ಹೆಗಲ ಮೇಲೆ. ಗಂಡ ಕಾರ್ಖಾನೆಗೆ ಹೋಗಿದ್ದ.

“ಒಡೆದ್ರೆ ನಾವು ಎಲ್ಲಿಗೆ ಹೋಗೋಣಮ್ಮ?” ಅವಳು ಬಾಗಿಲಿಗೆ ಅಡ್ಡ ನಿಂತಳು. “ಈ ಕೋಣೆಗೆ ಮೂರು ತಿಂಗಳು ಅಲೆದಿದ್ದೀವಿ.”

ಮೇಸ್ತ್ರಿಯ ಹೆಂಡತಿ ಹಲಗೆಯ ಕಡೆ ತಿರುಗಿದಳು. ಹಲಗೆ ಹಿಡಿದವರ ತೋಳು ಅದುರುತ್ತಿತ್ತು. ಹೊದಿಕೆಯಿಂದ ಹೊರಬಿದ್ದ ಅವನ ಪಾದಗಳು ಅವಳ ಮುಖದೆತ್ತರಕ್ಕೇ ಇದ್ದವು. ಬಿರುಕುಗಳಲ್ಲಿ ಇನ್ನೂ ಗಾರೆಯ ಬಿಳುಪು.

“ನನ್ನ ಕೋಣೆಗೆ ಬಾ,” ಅಂದಳು. “ಅವರ ಜಾಗ ಇದೆಯಲ್ಲ.”

ಬಾಣಂತಿ ಹೆಣವನ್ನು ನೋಡಿದಳು, ಗೋಡೆಯನ್ನು ನೋಡಿದಳು. ಒಳಗೆ ಹೋಗಿ ಕ್ಯಾಲೆಂಡರು ತೆಗೆದಳು. ಒಲೆಯನ್ನು ಮೂಲೆಗೆ ತಳ್ಳಿ, ಹಾಲಿನ ಪಾತ್ರೆಗೆ ತಟ್ಟೆ ಮುಚ್ಚಿ, ಮಗುವಿನ ಕಿವಿಗೆ ಸೆರಗು ಹೊದಿಸಿಕೊಂಡು ಹೊರಬಂದಳು.

ಕಂಬಿ ಕಟ್ಟುವವನ ಸುತ್ತಿಗೆಯ ಮೂರನೆಯ ಏಟಿಗೇ ಇಟ್ಟಿಗೆ ಸಡಿಲಿತು. ಹತ್ತನೆಯ ಏಟಿಗೆ ಎದೆಯೆತ್ತರದಲ್ಲಿ ಹಲಗೆ ತೂರುವಷ್ಟು ಗೋಡೆ ಕುಸಿದು ಬಿತ್ತು. ಹಲಗೆಯ ತಲೆ ಕೋಣೆಯೊಳಕ್ಕೆ ಹೋಯಿತು, ಒಲೆಯ ಮೇಲೆ ಹಾದು ನಿಧಾನವಾಗಿ ಹೊರಳಿತು, ಕೆಳಗಿನ ಮೆಟ್ಟಿಲಿಗೆ ಮುಖ ಮಾಡಿತು. ಮೇಸ್ತ್ರಿ ಕಾಲು ಚಾಚಿಕೊಂಡೇ ಬೀದಿಗಿಳಿದ.

ಮಣ್ಣು ಮಾಡಿ ಬರುವಷ್ಟರಲ್ಲಿ ಸಂಜೆಯಾಗಿತ್ತು. ಮೈದುನ ಕೆಳಗೆ ಮಾಲೀಕನನ್ನು ಸಮಾಧಾನ ಮಾಡುತ್ತಾ ನಿಂತ. ಅವಳು ಒಬ್ಬಳೇ ಹತ್ತಿದಳು.

ತಿರುವಿನಲ್ಲಿ, ಒಡೆದ ಗೋಡೆಯ ಮುಂದೆ, ಗುರುತಿಲ್ಲದ ಹೆಂಗಸೊಬ್ಬಳು ಬಟ್ಟೆಯ ಗಂಟು ಹಿಡಿದು ನಿಂತಿದ್ದಳು. ತಲೆಯ ತುಂಬ ದಾರಿಯ ದೂಳು. ಹಿಂದೆ ಅವಳ ಗಂಡ ಒಂದು ಬಕೆಟ್ಟು ಹಿಡಿದಿದ್ದ.

“ಅಮ್ಮಾ, ಈ ಕಟ್ಟಡದಲ್ಲಿ ಯಾರದೋ ಜಾಗ ಖಾಲಿ ಆಯ್ತಂತೆ. ಬೀದೀಲಿ ಹೇಳಿದ್ರು.”

ಮೇಸ್ತ್ರಿಯ ಹೆಂಡತಿ ಕೊನೆಯ ಮೆಟ್ಟಿಲು ಹತ್ತಿ ಅವರ ಎದುರು ನಿಂತಳು.

“ಎಷ್ಟು ಜನ?”

“ಇಬ್ಬರೇ.” ಹೆಂಗಸು ಗಂಡನ ಮುಖ ನೋಡಿದಳು. “ನಾಡಿದ್ದು ನನ್ನ ತಂಗಿ ಬರ್ತಾಳೆ.”

ಮೇಸ್ತ್ರಿಯ ಹೆಂಡತಿ ಬಗ್ಗಿದಳು. ಇಟ್ಟಿಗೆ ಚೂರುಗಳನ್ನು ಅಂಗೈಯಿಂದ ಒಂದು ಬದಿಗೆ ತಳ್ಳುತ್ತಾ ಹೋದಳು. ಇನ್ನೂ ಪೂರ್ತಿ ಆಗಿರಲಿಲ್ಲ. ಚೊಕ್ಕವಾದಷ್ಟು ಜಾಗದಲ್ಲಿ ಆ ಹೆಂಗಸು ಆಗಲೇ ಗಂಟು ಇಳಿಸಿದ್ದಳು.