ಹೊಗೆ ಇಳಿಸಿದ ಬಸ್ಸು

"ಇಳೀರೇ ಮುಂಡೇವೇ! ಎಷ್ಟ್ ಸಲ ಹೇಳೂದ್? ಮೀನ್ ವಾಸ್ನಿಗ್ ಕೆಮಿಯೂ ಮುಚ್ಚಿ ಹೋಯ್ತಾ ನಿಮ್ಗೆ?"

ಕಂಡಕ್ಟರ್ ರತನ್ ಹಿಂಬಾಗಿಲಲ್ಲಿ ನಿಂತು ಮೀನು ಮಾರುವ ಪುಷ್ಪಳ ಬುಟ್ಟಿಯನ್ನು ಕಾಲಿನಿಂದಲೇ ಮೆಟ್ಟಿಲ ಕಡೆಗೆ ತಳ್ಳಿದ. ಮಂಜುಗಡ್ಡೆ ಕರಗಿದ ನೀರು ಅವನ ಚಪ್ಪಲಿಗೆ ತಾಗಿತು. ಅವನು ಇನ್ನೊಂದು ಮಾತು ಬೈದ. ಅದನ್ನು ಇಲ್ಲಿ ಬರೆದರೆ ಓದುವವರು ಪುಸ್ತಕ ಮುಚ್ಚಿಯಾರು. ಪುಷ್ಪಳಿಗೆ ಕಿವಿ ಮುಚ್ಚುವ ಅನುಕೂಲವೂ ಇರಲಿಲ್ಲ, ಎರಡೂ ಕೈ ಬುಟ್ಟಿಯ ಮೇಲಿದ್ದವು.

ಗಂಗೊಳ್ಳಿಯಿಂದ ಹೊರಟ ಬಸ್ಸು ವಂಡ್ಸೆಗೆ ಮುಂಚೆ ಸಿಗುವ ಏರಿನ ಬುಡದಲ್ಲಿ ನಿಂತಿತ್ತು. ಒಂದು ವಾರದಿಂದ ಇದೇ ಪಾಡು. ಹಳೇ ಡೀಸೆಲ್ ಗಾಡಿಗಳ ಹೊಗೆ ಅಳೆಯುತ್ತಾರೆ, ಹೆಚ್ಚು ಹೊಗೆ ಕಾರಿದರೆ ಪರ್ಮಿಟ್ಟಿಗೇ ಸಂಚಕಾರ ಎಂಬ ಸುದ್ದಿ ಬಂದದ್ದೇ ತಡ, ಬಸ್ಸಿನ ಧಣಿ ಶಾಮರಾಯರು ಚುರುಕಾದರು. ಇಂಜಿನ್ ಬಿಚ್ಚಿಸಿ ರಿಪೇರಿ ಮಾಡಿಸಿದರು ಅಂತಲ್ಲ. ಪಂಪಿನ ಸ್ಕ್ರೂ ತಿರುಗಿಸಿ, ಇಂಜಿನ್ನು ಕುಡಿಯುವ ಡೀಸೆಲನ್ನೇ ಕಮ್ಮಿ ಮಾಡಿಸಿದರು. ಹೊಗೆ ಇಳಿಯಿತು, ಜೊತೆಗೆ ಗಾಡಿಯ ದಮ್ಮೂ ಇಳಿಯಿತು. ತುಂಬಿದ ಬಸ್ಸು ಏರು ಹತ್ತುವುದಿಲ್ಲ, ಬುಡದಲ್ಲಿ ಯಾರನ್ನಾದರೂ ಇಳಿಸಬೇಕು. ಯಾರನ್ನು ಎಂದು ತಲೆಕೆಡಿಸಿಕೊಳ್ಳುವ ಕಷ್ಟ ಯಾರಿಗೂ ಬರಲಿಲ್ಲ.

"ನಾವ್ ಇಳೂಕ್ ಅಡ್ಡಿಲ್ಲ," ಎಂದಳು ಸರಸ. ಮೀನು ಮಾರುವವರಲ್ಲಿ ಅವಳೇ ಹಿರಿಯಳು, ಬಾಯಿಯೂ ಅವಳದೇ ದೊಡ್ಡದು. "ಟಾಪಿನ್ ಮೇಲ್ ಧಣಿ ಸಿಮೆಂಟ್ ಚೀಲ ಇತ್ತಲೆ, ಅದ್ ಇಳಿತಿಲ್ಯಾ?"

ಮುಂದಿನ ಸೀಟಿನಿಂದ ಶಾಮರಾಯರು ತಿರುಗಿ ನೋಡಿದರು. ವಂಡ್ಸೆಯಲ್ಲಿ ಆಫೀಸರು ಯಂತ್ರ ಇಟ್ಟುಕೊಂಡು ಕಾಯುತ್ತಿದ್ದುದರಿಂದ ಇವತ್ತು ಅವರೇ ಬಸ್ಸಿನಲ್ಲಿದ್ದರು.

"ಸಿಮೆಂಟ್ ನಾರೂದಿಲ್ಲೆ ಸರಸಾ. ನೀವ್ ಇಳ್ದ್ರೆ ಭಾರವೂ ಕಮ್ಮಿ, ವಾಸನೆಯೂ ಕಮ್ಮಿ. ಗಾಳಿ ಚೊಕ್ಕ ಇರ್ಕ್ ಅಂದೇಳಿ ಸರ್ಕಾರವೇ ಹೇಳತ್ತ್."

ಕೊಲ್ಲೂರಿಗೆ ಹೊರಟಿದ್ದ ಯಾತ್ರಿಕರು ನಕ್ಕರು. ಆ ನಗುವಿನ ನಡುವೆ ಹೆಂಗಸರ ಸೀಟಿನಲ್ಲಿ ಒಬ್ಬಳು ಹುಡುಗಿ ಬ್ಯಾಗನ್ನು ಎದೆಗೆ ಒತ್ತಿಕೊಂಡು ಅರ್ಧ ಎದ್ದಳು.

"ಛೆ, ಟೀಚರ್, ನೀವ್ ಕೂಕಣಿ. ನಿಮ್ಗಲ್ಲ ಹೇಳಿದ್ದ್," ಎಂದರು ಶಾಮರಾಯರು, ಬೆಣ್ಣೆಯಂಥ ದನಿಯಲ್ಲಿ. ವಂಡ್ಸೆಯ ಶಾಲೆಯ ಕಮಿಟಿಗೆ ಅವರೇ ಅಧ್ಯಕ್ಷರು. ಹುಡುಗಿ ಕೆಲಸಕ್ಕೆ ಸೇರಿ ಇನ್ನೂ ತಿಂಗಳಾಗಿರಲಿಲ್ಲ. ಅವಳು ಕೂತಳು.

ಅವಳು ಧನ್ಯಶ್ರೀ, ಪುಷ್ಪಳ ಮಗಳು.

ಪುಷ್ಪ ಬುಟ್ಟಿ ಹೊತ್ತು ಬಸ್ಸಿನ ಹಿಂದೆ ಏರು ಹತ್ತತೊಡಗಿದಳು. ಬಸ್ಸಿನಲ್ಲಿ ತಾಯಿ ಮಗಳು ಪರಸ್ಪರ ಗುರುತಿಲ್ಲದವರು. ಪುಷ್ಪ ಗಂಗೊಳ್ಳಿಯಲ್ಲೇ ಹಿಂಬಾಗಿಲಿಂದ ಹತ್ತುತ್ತಾಳೆ, ಧನ್ಯಶ್ರೀ ಮುಂದಿನ ಸ್ಟಾಪಿನವರೆಗೆ ನಡೆದು ಹೋಗಿ ಮುಂಬಾಗಿಲಿಂದ ಹತ್ತುತ್ತಾಳೆ. ಈ ಏರ್ಪಾಡು ಮಾಡಿದವಳು ಪುಷ್ಪಳೇ. ಕೆಲಸ ಸಿಕ್ಕಿದ ದಿನ ಹಿಗ್ಗಿನಲ್ಲಿ ಹೇಳಿದ್ದಳು: "ಬಸ್ಸಂಗೆ ನಾ ನಿಂಗ್ ಯಾರೂ ಅಲ್ಲ ಮಗಾ. ಟೀಚರಿನ ಅಬ್ಬಿ ಮೀನ್ ಬುಟ್ಟಿ ಹೊತ್ಕಂಡ್ ಬತ್ಳ್ ಅಂದ್ರೆ ಮಕ್ಳೇ ನೆಗಾಡ್ತೊ." ಮಗಳು 'ಹಾಂಗೆಲ್ಲ ಎಂತಕ್' ಎಂದಾಳು ಎಂದು ಸ್ವಲ್ಪ ಹೊತ್ತು ಕಾದಿದ್ದಳು. ಮಗಳು ಅನ್ನಲಿಲ್ಲ. ಸೀರೆ ಮಡಿಸುತ್ತಾ "ಹೂಂ" ಎಂದಳು ಅಷ್ಟೆ. ಆ ಹೂಂ ಮೀನಿನ ಮುಳ್ಳಿನ ಹಾಗೆ ಪುಷ್ಪಳ ಗಂಟಲಲ್ಲಿ ಇನ್ನೂ ಇತ್ತು. ನುಂಗಲೂ ಆಗದು, ತೆಗೆಯಲೂ ಆಗದು.

ಏರಿನ ನಡುವೆ ಬಸ್ಸು ಕೆಮ್ಮಿ ನಿಂತಿತು.

ಡ್ರೈವರ್ ಗೋವರ್ಧನ ಬ್ರೇಕ್ ಒತ್ತಿ ಹಿಡಿದು ಕಿಟಕಿಯಿಂದ ಕೂಗಿದ: "ಧಣೀ, ಆತಿಲ್ಲೆ! ಹೊಗೆ ಬಪ್ಪುಕಾಗ ಅಂದೇಳಿ ಡೀಸಲ್ಲೇ ಕೊಡ್ದಿರೆ ಗಾಡಿ ಹತ್ತೂದ್ ಹ್ಯಾಂಗೆ? ಹಿಂದಿಂದ ಯಾರಾರೂ ದೂಡ್ಕ್!"

ರತನ್ ಧುಮುಕಿ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ. "ಹ್ವಾಯ್, ಬೇಗ ಬನಿ! ಬುಟ್ಟಿ ಇಟ್ಟ್ ದೂಡಿ!"

ಹೆಂಗಸರು ಬುಟ್ಟಿ ಇಳಿಸಿದರು. ಬೈದವನೇ ಕರೆದರೂ ಕರೆದ ಕೂಡಲೆ ಹೋಗುವುದು ಮೈಗೆ ಅಂಟಿಹೋಗಿತ್ತು. ಪುಷ್ಪ ಸೆರಗು ಸಿಕ್ಕಿಸಿ ಬಸ್ಸಿನ ಬೆನ್ನಿಗೆ ಕೈ ಕೊಡುವಷ್ಟರಲ್ಲಿ ಶಾಮರಾಯರು ಹಿಂಬಾಗಿಲಿಗೆ ಬಂದರು.

"ಏಯ್, ಮುಟ್ಬೇಡಿ! ಮೊನ್ನೆ ಪೇಂಟ್ ಮಾಡ್ಸಿದ್. ವಂಡ್ಸೆಯಲ್ ಆಫೀಸರ್ ಗಾಡಿ ಹಿಂದೇ ಬಂದ್ ನಿಂತ್ಕಂತ್ರ್, ಹೊಗೆ ನೋಡೂಕ್ ಬಂದವ್ರಿಗ್ ಮೀನ್ ವಾಸ್ನಿ ಹೊಡೂದಾ? ರತನ್, ಇವ್ರ ಕೈ ತೊಳ್ಸ್ ಮೊದ್ಲ್."

ರತನ್ ಬಾಟಲಿ ತಂದ. ಎತ್ತರ ಹಿಡಿದು, ತಾಗದ ಹಾಗೆ, ಒಬ್ಬೊಬ್ಬರ ಕೈಗೂ ನೀರು ಹೊಯ್ದ. ಹಿಂದಿನ ಗಾಜಿಗೆ ಮುಖಗಳು ಅಂಟಿಕೊಂಡವು. ಅದೇ ಗಾಜಿನ ಕೆಳಗಿನ ಸೀಟಿನಲ್ಲಿ ಈ ಮೀನಿನ ಹೆಂಗಸರು ವರ್ಷಗಟ್ಟಲೆ ಕೂತು ಬಂದವರು. ತಳದ ತಗಡಿನ ತೂತಿನಿಂದ ಏರಿದ ಹೊಗೆ ಕುಡಿದು ಕರಿ ಕಫ ಉಗಿದವರು. ಆಗ ಯಾರೂ ಯಂತ್ರ ತಂದು ಅಳೆಯಲಿಲ್ಲ.

ಪುಷ್ಪ ಬೊಗಸೆ ಒಡ್ಡಿದಳು. ನೀರು ಬಿತ್ತು.

"ಸಮಾ ತಿಕ್ಕ್, ಉಗ್ರಿನ್ ಸಂದಿಯೂ," ಎಂದ ರತನ್.

ತಿಕ್ಕಿದಳು. ತಿಕ್ಕುತ್ತಾ ತಲೆ ಎತ್ತಿದರೆ ಪಕ್ಕದ ಕಿಟಕಿಯಲ್ಲಿ ಧನ್ಯಶ್ರೀ ಕಂಡಳು. ನೋಡುತ್ತಿದ್ದವಳು ಮುಖ ಆಚೆ ತಿರುಗಿಸಿದಳು. ಪುಷ್ಪಳಿಗೆ ಅಲ್ಲೇ ಭೂಮಿ ಬಾಯಿ ಬಿಟ್ಟಿದ್ದರೆ ಆಗುತ್ತಿತ್ತು ಎನ್ನಿಸಿತು. ಈ ಕೈಯಲ್ಲೇ ಅವಳಿಗೆ ತುತ್ತು ಕೊಟ್ಟದ್ದು, ಜಡೆ ಹಾಕಿದ್ದು. ಒದ್ದೆ ಕೈ ಹಾಗೇ ಮಡಿಲಲ್ಲಿಟ್ಟು ಅವಳು ಬಸ್ಸಿನ ಹಿಂದೆ, ಟಾರಿನ ಮೇಲೆ ಕೂತುಬಿಟ್ಟಳು.

"ಎಂತ ಆಯ್ತೆ?" ಎಂದಳು ಸರಸ.

"ದೂಡ್ತಿಲ್ಲೆ ನಾನ್."

ಸರಸ ಒಮ್ಮೆ ಅವಳನ್ನು, ಒಮ್ಮೆ ಕಿಟಕಿಯನ್ನು ನೋಡಿದಳು. ಏನು ತಿಳಿಯಿತೋ, ತಾನೂ ಪಕ್ಕದಲ್ಲಿ ಕೂತಳು. ಉಳಿದವರೂ ಕೂತರು. ಈಗ ಬಸ್ಸು ಮುಂದೆ ಹೋಗುವಂತಿಲ್ಲ, ಹಿಂದೆ ಜಾರುವಂತಿಲ್ಲ.

"ಹಡ್ಬೆ ರಂಡೇರೇ, ಚಕ್ರದ ಅಡಿಗ್ ಬೀಳ್ಕಾ ನಿಮ್ಗೆ?" ಎಂದು ರತನ್ ಕುಣಿದಾಡಿದ. ಗೋವರ್ಧನ ಬ್ರೇಕಿನ ಮೇಲಿನ ಕಾಲು ತೆಗೆಯಲಾರದೆ ದೇವರನ್ನು ಕರೆದ. ಶಾಮರಾಯರು ಗಡಿಯಾರ ನೋಡಿಕೊಂಡರು. ಆಮೇಲೆ ಯಾತ್ರಿಕರಿಗೆ ಕೈ ಮುಗಿದು, ದಯವಿಟ್ಟು ಎಲ್ಲರೂ ಇಳಿದು ಒಂದು ಕೈ ಕೊಡಬೇಕು ಎಂದರು. ಪಂಚೆ ಎತ್ತಿಕಟ್ಟಿಕೊಂಡು ಗಂಡಸರು ಇಳಿದರು. ಬುಟ್ಟಿಗಳನ್ನು ಸುತ್ತುಬಳಸಿ ಬಂದರು, ಮೂಗು ಮುಚ್ಚಿಕೊಂಡರು. ಕೊನೆಗೆ ಧನ್ಯಶ್ರೀಯೂ ಇಳಿದಳು.

ಅಧ್ಯಕ್ಷರು ಅವಳ ಕಡೆಗೇ ನೋಡುತ್ತಿದ್ದರು. ಅವಳು ಬಂದು ಬಸ್ಸಿನ ಬೆನ್ನಿಗೆ ಕೈ ಕೊಟ್ಟಳು. ಕಾಲಿನ ಬುಡದಲ್ಲಿ ತಾಯಿ ಕೂತಿದ್ದಳು.

"ನೀವ್ ಚೂರ್ ಬದಿಗ್ ಸರಿನಿ," ಎಂದಳು.

ನೀವು. ಹುಟ್ಟಿದಂದಿನಿಂದ 'ನೀ' ಎಂದೇ ಕರೆದು, 'ನೀ' ಎಂದೇ ಜಗಳಾಡಿದ ಮಗಳ ಬಾಯಲ್ಲಿ ಆ ಮರ್ಯಾದೆಯ ಮಾತು ರತನನ ಬೈಗುಳಕ್ಕಿಂತ ಆಳಕ್ಕೆ ಇಳಿಯಿತು. ಹಾಗೆ ಕಲಿಸಿದವಳು ತಾನೇ ಎಂಬುದು ಇನ್ನೂ ಆಳಕ್ಕೆ.

ಪುಷ್ಪ ಸರಿಯಲಿಲ್ಲ. ಮಗಳ ಮುಖವನ್ನೇ ನೋಡುತ್ತಾ, ದಿನಾ ಹೊಸಿಲಲ್ಲಿ ನಿಂತು ಹೇಳುವಷ್ಟೇ ಸಾದಾ ದನಿಯಲ್ಲಿ ಹೇಳಿದಳು: "ಮಗಾ, ಮನಿಗ್ ಹೋದ ಕೂಡ್ಲೆ ಗಂಜಿ ಬಿಸಿ ಮಾಡಿ ಉಣ್. ಅಬ್ಬಿ ಬಪ್ಪುದ್ ಇವತ್ತ್ ಹೊತ್ತಾತ್ತ್."

ಶಾಮರಾಯರು ಬುಟ್ಟಿಯನ್ನು ನೋಡಿದರು, ಟೀಚರಿನ ಇಸ್ತ್ರಿ ಮಾಡಿದ ಸೀರೆಯನ್ನು ನೋಡಿದರು. ಪಕ್ಕದಲ್ಲಿದ್ದ ಯಾತ್ರಿಕನೊಬ್ಬ ಅವಳಿಂದ ಒಂದು ಹೆಜ್ಜೆ ಆಚೆ ಸರಿದ.

"ಓಹೋ, ಹಾಂಗಾ," ಎಂದರು ಶಾಮರಾಯರು. ಬೆಣ್ಣೆಯಂಥ ದನಿ ಹಾಗೆಯೇ ಇತ್ತು. "ಟೀಚರ್, ನೀವೂ ಕೈ ತೊಳ್ಕಣಿ. ನೀವೂ ಹೊಸ ಪೇಂಟ್ ಮುಟ್ಟಿರಲೆ."

ರತನ್ ಬಾಟಲಿ ಎತ್ತಿದ. ಧನ್ಯಶ್ರೀಯ ಕೈ ಬಸ್ಸಿನ ಮೇಲೆಯೇ ಇತ್ತು. ಅವಳು ಕೈ ಒಡ್ಡಲೂ ಇಲ್ಲ, ತೆಗೆಯಲೂ ಇಲ್ಲ. ಬಾಟಲಿ ಬಗ್ಗಿತು. ಪುಷ್ಪ ತಲೆ ಬಗ್ಗಿಸಿದಳು, ಕೂತಲ್ಲಿಂದ ಮಾತ್ರ ಏಳಲಿಲ್ಲ.