ನೋವು ಹೋಯಿತು, ಚೂರು ಉಳಿಯಿತು

ಅವಳು ಗಂಡನ ನೀರಿನ ಬಾಟಲಿಯನ್ನು ಬಚ್ಚಲಿಗೆ ಬಗ್ಗಿಸಿದಳು. ಬೆಳಿಗ್ಗೆ ತುಂಬಿಸಿ ಕಳಿಸಿದ್ದ ನೀರು ಸಂಜೆ ಹಾಗೆಯೇ ವಾಪಸು ಬಂದಿತ್ತು. ಬಾಟಲಿಯೊಳಗೆ ಬ್ರಷ್ ತಿರುಗಿಸಿ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿದಳು.

ಗಂಡ ಕ್ರೇನ್ ನಡೆಸುವವನು. ಕಟ್ಟುತ್ತಿರುವ ಕಟ್ಟಡದ ನೆತ್ತಿಗಿಂತ ಮೇಲೆ, ಗಾಜಿನ ಪುಟ್ಟ ಗೂಡಿನಲ್ಲಿ ಒಬ್ಬನೇ ಕೂತು ಕಬ್ಬಿಣ, ಕಾಂಕ್ರೀಟು ಎತ್ತಿ ಇಳಿಸುವುದು ಅವನ ಕೆಲಸ. ಮೂತ್ರಕ್ಕೆಂದು ಆ ಉದ್ದದ ಏಣಿ ಇಳಿದರೆ ಕೆಳಗೆ ಎಲ್ಲರ ಕೈಯೂ ನಿಲ್ಲುತ್ತದೆ, ಮೇಸ್ತ್ರಿಯ ಬಾಯಿ ಮಾತ್ರ ಓಡುತ್ತದೆ. ಅದಕ್ಕೇ ಕ್ರೇನಿನವರು ನೀರನ್ನೇ ಕುಡಿಯುವುದಿಲ್ಲ. ತುಟಿ ಒದ್ದೆ ಮಾಡಿಕೊಳ್ಳುತ್ತಾರೆ, ಅಷ್ಟೆ.

ಕೆಲವು ವರ್ಷಗಳ ಹಿಂದೆ ಅವನ ಮೂತ್ರಪಿಂಡದಲ್ಲಿ ಕಲ್ಲಾಗಿತ್ತು. ನೋವಿಗೆ ನೆಲದ ಮೇಲೆ ಹೊರಳಾಡಿದ್ದ. ಆಸ್ಪತ್ರೆಯಲ್ಲಿ ಶಾಕ್ ವೇವ್ ಕೊಟ್ಟರು. ಕತ್ತಿ ಸೋಕಲಿಲ್ಲ, ಹೊಲಿಗೆ ಬೀಳಲಿಲ್ಲ. ಹೊರಗಿನಿಂದ ಬಿಟ್ಟ ಅಲೆಗಳ ಹೊಡೆತಕ್ಕೆ ಕಲ್ಲು ಒಳಗೇ ಪುಡಿಯಾಗಿ ಮೂತ್ರದಲ್ಲಿ ಬಂತು. ಬೆಣ್ಣೆಯಿಂದ ಕೂದಲು ತೆಗೆದ ಹಾಗಾಯಿತು ಎಂದು ಮನೆಮಂದಿ ಹಿಗ್ಗಿದರು.

"ಚೂರುಗಳನ್ನ ಸೋಸಿ ತನ್ನಿ, ಪರೀಕ್ಷೆಗೆ ಬೇಕು. ಸ್ಕ್ಯಾನ್‌ಗೂ ತಪ್ಪದೆ ಬನ್ನಿ" ಎಂದು ಆಸ್ಪತ್ರೆಯವರು ಹೇಳಿದ್ದರು. ಸೋಸಿದ್ದೇನೋ ನಿಜ. ಆದರೆ ಅತ್ತೆ ಚೂರುಗಳನ್ನು ಔಷಧಿ ಶೀಶೆಗೆ ಹಾಕಿ ಟಿವಿ ಪಕ್ಕ ಇಟ್ಟುಬಿಟ್ಟರು. ಮನೆಗೆ ಬಂದವರಿಗೆಲ್ಲ ಅದೇ ಪ್ರದರ್ಶನ. "ನೋಡಿ, ನಾನು ಇವನನ್ನ ಹೆತ್ತೆ, ಇವನು ಬಂಡೆ ಹೆತ್ತ!"

ನೋವು ನಿಂತಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ಸ್ಕ್ಯಾನಿನ ಮಾತನ್ನು ಯಾರೂ ಎತ್ತಲಿಲ್ಲ.

ಈಚೆಗೆ ಮಾತ್ರ ಅವನು ಕೆಲಸದಿಂದ ಬಂದವನೇ ತಲೆ ಹಿಡಿದು ಕೂರುತ್ತಿದ್ದ. ಕೇಳಿದರೆ ಬಿಸಿಲು ಎನ್ನುತ್ತಿದ್ದ. ಮೋಡ ಕವಿದ ದಿನವೂ ಬಿಸಿಲು ಎಂದಾಗ ಅವಳು ಎದುರು ಮನೆಯ ನರ್ಸಕ್ಕನಿಗೆ ಹೇಳಿದಳು. ಆಕೆ ಅಂದು ಸಂಜೆಯೇ ಬಿ.ಪಿ. ಯಂತ್ರ ಹಿಡಿದು ಬಂದಳು.

"ತೋಳು ಕೊಡು ತಮ್ಮಾ."

"ಯಾಕಕ್ಕಾ? ಗುಂಡುಕಲ್ಲಿನ ಹಾಗಿದ್ದೀನಿ."

"ಆ ಕಲ್ಲಿನ ವಿಷಯಕ್ಕೇ ಬಂದಿರೋದು. ಕೊಡು ಸುಮ್ನೆ."

ನೋಡಿದಳು. ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡಿದಳು. "ಬಿ.ಪಿ. ಜಾಸ್ತಿ ಇದೆ. ಕಲ್ಲು ಒಡೆಸ್ಕೊಂಡ ಮೇಲೆ ಸ್ಕ್ಯಾನ್ ಮಾಡಿಸಿದ್ಯಾ?"

"ಇನ್ನೆಂಥ ಸ್ಕ್ಯಾನಮ್ಮಾ? ಕಲ್ಲೆಲ್ಲ ಇಲ್ಲೇ ಇದೆಯಲ್ಲ!" ಅತ್ತೆ ಶೀಶೆ ಅಲ್ಲಾಡಿಸಿದರು.

"ಅಮ್ಮಾ, ಬಂದದ್ದು ಶೀಶೆಲಿದೆ. ಬರದೇ ಇದ್ದದ್ದು?"

ಅತ್ತೆಯ ಕೈ ನಿಂತಿತು.

"ಹಾಗಾದ್ರೆ ಆ ಶಾಕಿಂದ್ಲೇ ಬಿ.ಪಿ. ಬಂತಾ?" ಅವನು ಕೆರಳಿದ. "ಮಾಡಿಸ್ಕೊಳ್ಳಲೇಬಾರ್ದಿತ್ತು."

"ಹಾಗನ್ನಬೇಡ. ವರ್ಷಗಳಾದ ಮೇಲೆ ಕೆಲವರಿಗೆ ಬಿ.ಪಿ., ಸಕ್ಕರೆ ಬಂದಿದೆ ಅಂತ ಕೆಲವು ಅಧ್ಯಯನ ಹೇಳುತ್ವೆ. ಸಂಬಂಧ ಕಾಣ್ಲಿಲ್ಲ ಅಂತ ಇನ್ನು ಕೆಲವು. ಖಚಿತ ಇಲ್ಲ ಅಂತಲೇ ವರ್ಷಕ್ಕೊಮ್ಮೆ ನೋಡಿಸ್ಕೊಳ್ಳಿ ಅನ್ನೋದು. ಚಿಕಿತ್ಸೆ ಒಳ್ಳೇದೇ. ಆಮೇಲೆ ಬೆನ್ನು ತಿರುಗಿಸ್ತೀವಲ್ಲ, ಅದು ಕೆಟ್ಟದ್ದು. ಉಳಿದ ಚೂರು ಬೆಳೀಬಹುದು. ಮೂತ್ರನಾಳದಲ್ಲಿ ಸಿಕ್ಕಿಕೊಳ್ಳಬಹುದು."

"ಸಿಕ್ಕಿದ್ರೆ ನೋಯ್ಬೇಕಲ್ಲ?"

"ಯಾವಾಗ್ಲೂ ನೋಯಲ್ಲ ತಮ್ಮಾ. ಸದ್ದಿಲ್ಲದೆ ಕಿಡ್ನಿ ಹಾಳಾಗುತ್ತೆ."

ಅವನು ಅಂಗಿಯ ತೋಳು ಇಳಿಸಿಕೊಂಡ. ದನಿಯೂ ಇಳಿಯಿತು. "ಬಿ.ಪಿ. ಅಂತ ಗೊತ್ತಾದ್ರೆ ನನ್ನನ್ನ ಕ್ರೇನ್ ಹತ್ತಿಸಲ್ಲ ಅಕ್ಕಾ."

ಅತ್ತೆಯ ಎದುರು ಎಂದೂ ದನಿ ಎತ್ತದ ಹೆಂಡತಿ ಬಾಗಿಲ ಬಳಿಯಿಂದ ಹೇಳಿದಳು: "ಅಷ್ಟು ಎತ್ತರದಲ್ಲಿ ತಲೆ ಸುತ್ತಿದ್ರೆ ಏನ್ರೀ ಮಾಡ್ತೀರಿ? ಕ್ರೇನಿನ ಕೊಕ್ಕೆ ಕೆಳಗೆ ನಿಂತೋರಿಗೂ ಹೆಂಡ್ತಿ ಮಕ್ಕಳಿದ್ದಾರೆ. ನಾಳೆ ಆಸ್ಪತ್ರೆಗೆ ಹೋಗೋಣ. ನಾನೂ ಬರ್ತೀನಿ."

ಮರುದಿನ ಸ್ಕ್ಯಾನ್ ಕೋಣೆಯ ಮಬ್ಬಿನಲ್ಲಿ ಅವನು ಮಗ್ಗುಲಾಗಿ ಮಲಗಿದ. ಅವಳು ಪರದೆಯನ್ನು ನೋಡಲಿಲ್ಲ, ವೈದ್ಯೆಯ ಮುಖವನ್ನೇ ನೋಡಿದಳು. ಆ ಮುಖದಲ್ಲಿದ್ದ ನಗು ಮೆಲ್ಲಗೆ ಆರಿತು. ಚೂರೊಂದು ನಾಳದಲ್ಲಿ ಸಿಕ್ಕಿಕೊಂಡಿತ್ತು. ಅದರ ಹಿಂದೆ ಮೂತ್ರ ನಿಂತು ನಿಂತು ಎಡ ಮೂತ್ರಪಿಂಡ ಊದಿಕೊಂಡಿತ್ತು.

ನಳಿಕೆ ಹಾಕಿ ಚೂರನ್ನು ತೆಗೆದರು. ಆದರೆ ಆ ಮೂತ್ರಪಿಂಡದ ಹೆಚ್ಚಿನ ಶಕ್ತಿ ಹೋಗಿಯೇ ಹೋಗಿತ್ತು. ಅದು ಮರಳುವುದಿಲ್ಲ ಎಂದರು.

"ನೀವು ಹೇಳಿದಾಗ್ಲೇ ಬಂದಿದ್ರೆ?" ಅವಳು ಕೇಳಿದಳು.

ವೈದ್ಯೆ ಅವಳ ಭುಜ ಮುಟ್ಟಿದರು. "ಉಳೀತಿತ್ತೇನೋ ಕಣಮ್ಮಾ."

ಈಗ ಅವನು ಬಿ.ಪಿ. ಮಾತ್ರೆ ನುಂಗುತ್ತಾನೆ. ಅದು ಹತೋಟಿಗೆ ಬರುವವರೆಗೆ ಕ್ರೇನ್ ಹತ್ತುವಂತಿಲ್ಲ. ನೆಲದಲ್ಲಿ ನಿಂತು ಕ್ರೇನ್ ನಡೆಸುವವನಿಗೆ ಕೈಸನ್ನೆ ಮಾಡುತ್ತಾನೆ. ಕಣ್ಣು ಮಾತ್ರ ಮೇಲಿನ ಗಾಜಿನ ಗೂಡಿನಲ್ಲೇ ಇರುತ್ತದೆ. ಈಗ ಅದರಲ್ಲಿ ಕೂರುವವನನ್ನು ಹೊತ್ತು ಹೊತ್ತಿಗೆ ಕೆಳಗೆ ಕರೆಯುತ್ತಾನೆ. "ಇಳಿಯೋ ಮಾರಾಯಾ, ನೀರು ಕುಡಿದು ಹೋಗು. ಬೈದ್ರೆ ನನ್ನ ಬೈತಾರೆ." ಅತ್ತೆ ಬಂದವರಿಗೆ ಶೀಶೆ ತೋರಿಸುವುದಿಲ್ಲ. "ಒಡೆಸ್ಕೊಂಡ ಮೇಲೆ ಸ್ಕ್ಯಾನ್ ಆಯ್ತಾ?" ಎಂದು ಕಲ್ಲಿನ ಮಾತೆತ್ತಿದವರನ್ನು ಕೇಳುತ್ತಾರೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಕಲ್ಲು ಒಡೆಸಿಕೊಂಡ ಮೇಲೆ ವೈದ್ಯರು ಕರೆದ ದಿನ ಹೋಗಿ. ಚೂರುಗಳನ್ನು ಪರೀಕ್ಷೆಗೆ ಕೊಡಿ. ವರ್ಷಕ್ಕೊಮ್ಮೆಯಾದರೂ ಬಿ.ಪಿ., ಸಕ್ಕರೆ ನೋಡಿಸಿಕೊಳ್ಳಿ. ನಿಮ್ಮ ಮೈಗೆ ಎಷ್ಟು ನೀರು ಬೇಕೆಂದು ಅವರನ್ನೇ ಕೇಳಿ, ಅಷ್ಟು ಕುಡಿಯಿರಿ. ನೋವಿಲ್ಲ ಎಂಬುದನ್ನು ನಂಬಿ ಕೂರಬೇಡಿ.

ಇಲ್ಲಿ ಕೂತು ಕೇಳುತ್ತಿರುವವರಲ್ಲಿ ಕಲ್ಲು ಒಡೆಸಿಕೊಂಡು ಮತ್ತೆ ಆಸ್ಪತ್ರೆಗೆ ಹೋಗದೆ ಇರುವವರು ಯಾರಾದರೂ ಇದ್ದರೆ, ದಯವಿಟ್ಟು ಕೈ ಎತ್ತಿ.