ನೋಡದ ಎಲೆ

"ನನ್ನ ಕುದುರಿ ಪಣಕ್ಕ ಹಚ್ಚೇನಿ," ಎಂದ ಶಂಕ್ರೆಪ್ಪ.

ವಿಜಾಪುರದ ಪೇಟೆಯಲ್ಲಿ ಅಂಬಾದಾಸನ ಹತ್ತಿ ಅಂಗಡಿಯ ಅಟ್ಟದ ಮೇಲೆ ಮಟಮಟ ಮಧ್ಯಾಹ್ನದ ಇಸ್ಪೀಟಾಟ ನಡೆದಿತ್ತು. ಶಂಕ್ರೆಪ್ಪನ ಮುಂದೆ ಮೂರು ಎಲೆ ಕವುಚಿ ಬಿದ್ದಿದ್ದವು. ಹಂಚಿದಾಗಿನಿಂದ ಅವನು ಅವನ್ನು ಎತ್ತಿಯೂ ನೋಡಿರಲಿಲ್ಲ. ಎಲೆ ನೋಡಿ ಆಡುವುದು ಕಿರಾಣಿಯವರ ಬುದ್ಧಿ, ನೋಡದೆ ಆಡುವುದೇ ಗಂಡಸುತನ ಎಂಬುದು ಅವನ ನಂಬಿಕೆ. ಆ ಗಂಡಸುತನ ಬೆಳಗಿನಿಂದ ಅವನ ಕಿಸೆ ಬರಿದು ಮಾಡಿತ್ತು. ಸೋತಷ್ಟೂ ಮುಂದಿನ ಆಟ ತನ್ನದೇ ಎಂಬ ಖಾತ್ರಿ ಅವನಿಗೆ ಹೆಚ್ಚುತ್ತಿತ್ತು. ತನ್ನ ಸೋಲುಗಳನ್ನು ದೈವ ಬೇರೆ ಕೆಲಸವಿಲ್ಲದೆ ಎಣಿಸುತ್ತ ಕೂತಿದೆ ಎಂದು ತಿಳಿದಿದ್ದ ಬಬಲೇಶ್ವರದ ಈ ಸಾಹುಕಾರ.

ಎದುರಿಗಿದ್ದ ರಸೂಲಸಾಬ ಟಾಂಗಾ ಹೊಡೆಯುವವನು. ಯುದ್ಧದ ದೆಸೆಯಿಂದ ಪೆಟ್ರೋಲು ಸಿಗದೆ ಮೋಟಾರುಗಳು ನಿಂತ ಮೇಲೆ ಅವನ ದಂಧೆ ಚಿಗುರಿತ್ತು. ಅವನು ತನ್ನ ಎಲೆಗಳನ್ನು ನೋಡಿಕೊಂಡಿದ್ದ.

"ಕುದುರಿಗೆ ಎದುರು ನಾ ಏನ ಹಚ್ಚಲ್ರಿ ಸಾವಕಾರ್ರ?"

"ನಿನ್ನ ಟಾಂಗಾ ಹಚ್ಚು. ಎದಿ ಇಲ್ಲಂದ್ರ ಎಲಿ ಒಗದು ಏಳು."

ಮೆಟ್ಟಿಲ ಮೇಲೆ ಬಳೆಯ ಸದ್ದಾಯಿತು. ಶಂಕ್ರೆಪ್ಪನ ಹೆಂಡತಿ ಅಕ್ಕನಾಗಮ್ಮ. ತಂಗಿಯ ಕೂಸಿಗೆ ಬಟ್ಟೆ ತರಲೆಂದು ಗಂಡನ ಜೊತೆ ಪೇಟೆಗೆ ಬಂದವಳಿಗೆ ಕೆಳಗೆ ಬೇವಿನ ನೆರಳಲ್ಲಿ ಗಾಡಿಯೊಳಗೆ ಕಾದು ಕಾದು ಸಾಕಾಗಿತ್ತು. ಗಂಡಸರು ಕೂತಲ್ಲಿ ಹೆಂಗಸು ಹತ್ತಿ ಬಂದದ್ದು ಕಂಡು ಅಂಬಾದಾಸ ಗಡಬಡಿಸಿ ಎದ್ದು ನಿಂತ.

"ಯಾರ ಕುದುರಿ ಹಚ್ಚಾಕತ್ತೀರಿ?" ಎಂದಳು. ಆ ಕುದುರೆಯನ್ನು ಕಾಖಂಡಕಿಯ ತವರಿನಿಂದ ಅವಳಪ್ಪ ಅವಳಿಗೆಂದೇ ಕೊಟ್ಟಿದ್ದ.

ಒಂದು ಕ್ಷಣ ಮೊದಲು ಯಾರಾದರೂ ಬೇಡವೆಂದಿದ್ದರೆ ಶಂಕ್ರೆಪ್ಪ ನಕ್ಕು, ಚೇಷ್ಟೆ ಮಾಡಿದೆ ಎಂದು ಎದ್ದುಬಿಡುತ್ತಿದ್ದ. ಒಳಗೊಳಗೆ ಅವನಿಗೆ ಬೇಕಾಗಿದ್ದದ್ದೂ ಅದೇ. ಆದರೆ ಹೆಂಡತಿ ಬಾಗಿಲಲ್ಲಿ ನಿಂತ ಮೇಲೆ ಅವನ ಧ್ವನಿ ಇನ್ನಷ್ಟು ಏರಿತು.

"ಹೆಂಗಸರಿಗೆ ಇದು ತಿಳಿಯೂದಿಲ್ಲ. ಹಚ್ಚೇನಿ ಅಂದ್ರ ಹಚ್ಚೇನಿ!"

"ಎಲಿ ನೋಡೀರೇನು?"

"ನೋಡೋದ್ಯಾಕ? ನಾ ಎಲಿ ಆಡೂದಿಲ್ಲ, ಮನುಷ್ಯಾನ್ನ ಆಡ್ತೀನಿ. ಬೇಕಂದ್ರ ನೀ ನೋಡು."

ಅಕ್ಕನಾಗಮ್ಮ ಬಗ್ಗಿ ಮೂರೂ ಎಲೆ ಎತ್ತಿಕೊಂಡಳು. ಎರಡು, ಐದು, ಒಂಬತ್ತು. ಒಂದರ ಜಾತಿ ಒಂದಕ್ಕಿಲ್ಲ. ಎಳೆಯ ಮಕ್ಕಳೂ ಒಗೆದು ಎದ್ದು ಹೋಗುವ ಎಲೆ. ಅವುಗಳನ್ನು ಮೊದಲಿದ್ದ ಹಾಗೆಯೇ ಕವುಚಿಟ್ಟು ತಲೆಯೆತ್ತಿದಳು. ಮದುವೆಯಾದಾಗಿನಿಂದ ಗಂಡನ ದೊಡ್ಡ ಮಾತುಗಳನ್ನು ಕೇಳುವಾಗ ಅವಳ ಮುಖದ ಮೇಲೆ ಒಂದು ತಣ್ಣನೆಯ ತಾತ್ಸಾರ ಬಂದು ಕೂಡುತ್ತಿತ್ತು. ಈಗಲೂ ಕೂತಿತು. ಅವಳು ನೋಡಿದ್ದು ಎದುರಿಗೆ ಕೂತವನ ಹಿಂದಿನ ಗೋಡೆಯ ಕಡೆ. ರಸೂಲಸಾಬ ಮಾತ್ರ ಆ ಮುಖವನ್ನೇ ದಿಟ್ಟಿಸುತ್ತಿದ್ದ.

ಅವನ ಕೈಯಲ್ಲಿ ಏಳು, ಎಂಟು, ಒಂಬತ್ತು ಸಾಲಾಗಿದ್ದವು. ಅಪರೂಪಕ್ಕೊಮ್ಮೆ ಬರುವಂಥ ಎಲೆ. ಆದರೂ ಅವನು ಅವನ್ನು ಮತ್ತೊಮ್ಮೆ ಬಿಡಿಸಿ ನೋಡಿಕೊಂಡ. ಕುದುರೆ ಹೋಗುವ ಹೊತ್ತಿನಲ್ಲಿ ಯಾವ ಹೆಂಗಸು ಹೀಗೆ ನಿಂತಾಳು? ಟಾಂಗಾ ಹಚ್ಚಲು ಹೊರಟ ತಾನೆಂಥ ಹುಚ್ಚ ಎಂದು ಆ ಕಣ್ಣುಗಳು ಹೇಳುತ್ತಿವೆ ಎನಿಸಿತು ಅವನಿಗೆ.

"ಬಿಟ್ಟೆ ನಾ," ಎಂದು ಎಲೆ ಚೆಲ್ಲಿದ.

ಶಂಕ್ರೆಪ್ಪ ಅವನ್ನು ತಿರುಗಿಸಿ ನೋಡಿ ತೊಡೆ ತಟ್ಟಿದ. "ಇಂಥಾ ಎಲಿ ಬಿಡಿಸಿದೆ ನೋಡ್ರೋ! ಇದಕ್ಕ ಗುಂಡಿಗಿ ಬೇಕು!" ತನ್ನವನ್ನು ನೋಡುವ ಗೋಜಿಗೇ ಹೋಗದೆ ಕಟ್ಟಿನೊಳಗೆ ಕಲೆಸಿಬಿಟ್ಟ. "ಅಂಬಾದಾಸ, ಚಾ ಹೇಳು. ಇವತ್ತ ನನ್ನ ದಿನ ಐತಿ. ಹಂಚು, ಹಂಚು!"

ಅಕ್ಕನಾಗಮ್ಮ ಕೆಳಗಿಳಿದಳು. ಕುದುರೆ ಹೂಡುತ್ತಿದ್ದಾಗ ರಸೂಲಸಾಬ ಹಿಂದೆಯೇ ಬಂದು ಸಡಿಲಾಗಿದ್ದ ಪಟ್ಟಿಯನ್ನು ಬಿಗಿದುಕೊಟ್ಟ.

"ಒಂದ ಮಾತ ಕೇಳ್ಲೇನ್ರಿ ಅಕ್ಕಾರ? ಅವರ ಎಲಿ ಅಷ್ಟ ಭಾರಿ ಇದ್ದವೇನ್ರಿ?"

"ನೀ ಯಾಕ ಬಿಟ್ಟಿ?"

"ನಿಮ್ಮ ಮಾರಿ ನೋಡಿ ಬಿಟ್ಟೆರಿ. ಕಸ ನೋಡಿದಂಗ ನೋಡಿದ್ರಲ್ಲ ನನ್ನ."

"ನಿನ್ನಲ್ಲೋ ತಮ್ಮಾ," ಎಂದಳು ಅಕ್ಕನಾಗಮ್ಮ.

ಅವನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅಟ್ಟದ ಕಡೆ ನೋಡಿದ. ಮೇಲಿನಿಂದ ಶಂಕ್ರೆಪ್ಪನ ನಗೆ ಕೇಳುತ್ತಿತ್ತು. ತನ್ನ ಮೇಲೇ ಅಸಹ್ಯಪಟ್ಟವನ ಹಾಗೆ ರಸೂಲಸಾಬ ಪಕ್ಕಕ್ಕೆ ಉಗುಳಿದ.

"ಕರೀಲೇನ್ರಿ ಅವರನ್ನ?"

"ಗೆದ್ದವರು ನಡಕೋತ ಬರ್ತಾರ," ಎಂದು ಅವಳು ಲಗಾಮು ಕೈಗೆ ತೆಗೆದುಕೊಂಡಳು.

ಊರ ಹೊರಗೆ ಹುಲ್ಲು ಮಾರುವವಳ ಮುಂದೆ ಗಾಡಿ ನಿಲ್ಲಿಸಿ ಒಂದು ಹೊರೆ ಹಸಿ ಹುಲ್ಲು ಕೊಂಡಳು. ಎಲ್ಲಿಡಲಿ ಎಂದು ಮುದುಕಿ ಕೇಳಿದಾಗ ತನ್ನ ಪಕ್ಕದಲ್ಲಿ ಗಂಡ ಕೂರುವ ಜಾಗ ತೋರಿಸಿದಳು. ಬಬಲೇಶ್ವರದ ದಾರಿಯುದ್ದಕ್ಕೂ ಹೊರೆ ಗಾಡಿಯ ಜೊತೆ ಅಲುಗುತ್ತಿತ್ತು. ಅದು ಜಾರದಂತೆ ಅವಳು ಒಂದು ಕೈ ಅದರ ಮೇಲಿಟ್ಟುಕೊಂಡಿದ್ದಳು.